ಲೈನ್ ಮನೆಯ ಹುಡುಗಿಯರಲ್ಲಿ ರಕ್ತಹೀನತೆ

ಕಾಫಿ ಹಣ್ಣಿನ ಕೊಯ್ಲಿಗೆಂದು ಮೂಡಿಗೆರೆ, ಕಳಸದ ತೋಟಗಳಿಗೆ ಹೊರಗಿನಿಂದ ಬರುವ ಕೂಲಿ ಕುಟುಂಬಗಳು ಕೆಲವು ತಿಂಗಳು ಲೈನ್ ಮನೆಗಳಲ್ಲಿದ್ದು ಹೋಗುತ್ತವೆ. ಜೊತೆಗಿರುವ ಹುಡುಗಿಯರಲ್ಲಿ ಆಯಾಸ, ಏದುಸಿರು, ಬಿಳಿಚಿದ ಕಣ್ರೆಪ್ಪೆಯ ಒಳಭಾಗ ಕಂಡರೆ ರಕ್ತಹೀನತೆಯನ್ನು ಶಂಕಿಸಬೇಕು.

12 ವರ್ಷ ದಾಟಿದ ಹುಡುಗಿಯರಲ್ಲಿ 100 ಮಿಲಿಲೀಟರ್ ರಕ್ತಕ್ಕೆ 12 ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ಅದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15–19 ವಯಸ್ಸಿನ ಹುಡುಗಿಯರ ಪೈಕಿ ಶೇ. 59 ಮಂದಿಗೆ ಇದು ಕಂಡುಬಂದಿತು.

ಬೆಳವಣಿಗೆ ಮತ್ತು ಮುಟ್ಟಿನಿಂದಾಗಿ ಈ ವಯಸ್ಸಿನಲ್ಲಿ ಕಬ್ಬಿಣದ ಅಗತ್ಯ ಹೆಚ್ಚು. ಬಯಲು ಶೌಚವಿರುವಲ್ಲಿ, ನೆರಳಿನ ತೇವದ ಮಣ್ಣಿನಲ್ಲಿ ಬದುಕುವ ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮವನ್ನು ಹೊಕ್ಕು, ಕೊನೆಗೆ ಕರುಳಿನಲ್ಲಿ ನೆಲೆಸಿ ರಕ್ತ ಹೀರುತ್ತದೆ. ಊಟದೊಂದಿಗೆ ಕುಡಿದ ಕಾಫಿ, ಚಹಾ ಕಬ್ಬಿಣದ ಹೀರಿಕೆಯನ್ನು ತಗ್ಗಿಸುತ್ತವೆ. ನಿಂಬೆ, ಸೀಬೆ ಹೆಚ್ಚಿಸುತ್ತವೆ.

60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುವ ನೀಲಿ ಮಾತ್ರೆಯನ್ನು ವಾರಕ್ಕೊಂದರಂತೆ ಶಾಲೆಯಲ್ಲಿ ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಶಾಲೆ ಬಿಟ್ಟವರಿಗೆ ಅಂಗನವಾಡಿಯಲ್ಲಿ. ಆದರೆ ಕೂಲಿಯ ಹಿಂದೆ ಊರೂರು ಅಲೆಯುವ ಹುಡುಗಿಯ ಹೆಸರು ಎರಡೂ ಪಟ್ಟಿಗಳಿಂದ ತಪ್ಪಿಹೋಗಬಹುದು. ನಗರದ ಬೀದಿಯಲ್ಲಿ ಮಲಗುವ ಹುಡುಗಿಯ ಪಾಡೂ ಇದೇ. ಕೊಯ್ಲಿನ ದಿನಗಳಲ್ಲಿ ಶಿಕ್ಷಕರು ಆಶಾ ಕಾರ್ಯಕರ್ತೆಯರೊಡನೆ ಲೈನ್ ಮನೆಗಳಿಗೆ ಹೋಗಿ ಹೆಸರು ಬರೆದುಕೊಂಡರೆ, ಮಾತ್ರೆ ಅವಳಿಗೂ ತಲುಪೀತು.