ನಡುಗಡಲಲ್ಲಿ ‘ಸುಹೈಲಿ’ಗೆ ಹಾಕಿದ ತೇಪೆ

ಒಬ್ಬಂಟಿಯಾಗಿ, ಎಲ್ಲೂ ದಡ ಮುಟ್ಟದೆ ಭೂಮಿಯನ್ನು ಸುತ್ತಿದ ಮೊದಲ ನಾವಿಕ ರಾಬಿನ್ ನಾಕ್ಸ್-ಜಾನ್‌ಸ್ಟನ್. ಅವರ 32 ಅಡಿಯ ಹಾಯಿದೋಣಿ ‘ಸುಹೈಲಿ’ ಹುಟ್ಟಿದ್ದು ಮುಂಬೈಯಲ್ಲಿ. ಬಾಚಿ, ಬೈರಿಗೆ ಹಿಡಿದ ನಮ್ಮ ಬಡಗಿಗಳು ತೇಗದಲ್ಲಿ ಕಟ್ಟಿದ ದೋಣಿ ಅದು. ನೀರಿಗಿಳಿದದ್ದು 1964ರ ಡಿಸೆಂಬರ್‌ನಲ್ಲಿ.

ಒಬ್ಬಂಟಿಯಾಗಿ ಭೂಮಿ ಸುತ್ತುವ ಪಂದ್ಯಕ್ಕೆಂದು 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್‌ನಿಂದ ಹೊರಟ ದೋಣಿಗೆ ಕೆಲವೇ ವಾರಗಳಲ್ಲಿ ನೀರು ಜಿನುಗತೊಡಗಿತು. ಅಟ್ಲಾಂಟಿಕ್‌ನಲ್ಲಿ ಗಾಳಿ ನಿಂತ ಹೊತ್ತು ನೋಡಿ ನಾಕ್ಸ್-ಜಾನ್‌ಸ್ಟನ್ ನೀರಿಗೆ ಧುಮುಕಿದರು. ತಳದ ತೊಲೆಯ ಮೇಲ್ಗಡೆ, ಹಲಗೆಗಳ ಸಂದಿ ಸುಮಾರು 8 ಅಡಿ ಉದ್ದಕ್ಕೆ ಬಾಯಿ ಬಿಟ್ಟಿತ್ತು. ಇನ್ನೊಂದು ಬದಿಯಲ್ಲೂ ಅದೇ ಪಾಡು.

ದಡದ ಮೇಲಾದರೆ ಸಂದಿಗೆ ಹತ್ತಿಯ ಹುರಿ ಬಡಿದು ಮೇಲೆ ಪುಟ್ಟಿ ಮೆತ್ತಿದರಾಯಿತು. ನೀರಿನಡಿ ಸುತ್ತಿಗೆ ಬೀಸಿದರೆ ಪೆಟ್ಟಿಗೆ ಬಲವೇ ಬರದು. ಉಸಿರಿಗೆಂದು ಮೇಲೆ ಬಂದು ಮರಳುವಷ್ಟರಲ್ಲಿ ತುರುಕಿದ ಹತ್ತಿ ಕಳಚಿಕೊಳ್ಳುತ್ತಿತ್ತು. ಕೊನೆಗೆ ಅವರು ಕ್ಯಾನ್‌ವಾಸ್ ಪಟ್ಟಿಗೆ ಹತ್ತಿಯನ್ನು ಹೊಲಿದು, ಡಾಂಬರು ಬಳಿದು, ತಾಮ್ರದ ಮೊಳೆಗಳನ್ನು ಮೊದಲೇ ಅದಕ್ಕೆ ಚುಚ್ಚಿಟ್ಟುಕೊಂಡರು. ಈಗ ನೀರಿನಡಿ ಉಳಿದದ್ದು ಮೊಳೆ ಬಡಿಯುವ ಕೆಲಸವಷ್ಟೇ. ಮೈಯ ಬಿಳುಪು ಶಾರ್ಕ್‌ಗಳ ಕಣ್ಣಿಗೆ ಬೀಳದಿರಲೆಂದು ಅಂಗಿ, ಪ್ಯಾಂಟು ತೊಟ್ಟೇ ಇಳಿದರು. ಆದರೂ ಒಂದು ಶಾರ್ಕ್ ಬಂದು ಸುತ್ತತೊಡಗಿತು; ದೋಣಿ ಹತ್ತಿ ಬಂದೂಕಿನಿಂದ ಹೊಡೆದು, ಬೇರೆ ಶಾರ್ಕ್‌ಗಳು ಬರುತ್ತವೆಯೇ ಎಂದು ಕಾದು, ಮತ್ತೆ ಇಳಿದರು! ಪಟ್ಟಿ ಕಿತ್ತುಬರದಂತೆ ಅದರ ಮೇಲೆ ತಾಮ್ರದ ತಗಡನ್ನೂ ಹೊಡೆದರು. ಮುಂದೆ ಗಾಳಿ ಮತ್ತೆ ತಗ್ಗಿದಾಗ ಇನ್ನೊಂದು ಬದಿಯ ಸರದಿ.

ಈ ವಿದ್ಯೆಗೆ ಹಳೆಯ ಬೇರುಗಳಿವೆ. 1770ರಲ್ಲಿ ಆಸ್ಟ್ರೇಲಿಯಾದ ಹವಳದ ದಿಬ್ಬಕ್ಕೆ ಬಡಿದ ಜೇಮ್ಸ್ ಕುಕ್‌ನ ‘ಎಂಡೆವರ್’ ಹಡಗು ಉಳಿದದ್ದೂ ಬಟ್ಟೆಯಿಂದಲೇ. ನಾರು, ಉಣ್ಣೆಯನ್ನು ಹಳೆಯ ಹಾಯಿಗೆ ಹೊಲಿದು, ಕುರಿಯ ಹಿಕ್ಕೆ ಮೆತ್ತಿ, ಹಗ್ಗಗಳಿಂದ ಹಡಗಿನಡಿ ಎಳೆದರು; ಒಳನುಗ್ಗುವ ನೀರೇ ಅದನ್ನು ಬಿರುಕಿಗೆ ಒತ್ತಿ ಕೂರಿಸಿತು. ಅಲ್ಲಿ ಕೈಗಳು ಹಲವು. ‘ಸುಹೈಲಿ’ಯಲ್ಲಿ ಹೊಲಿದವರೂ ಮುಳುಗಿದವರೂ ಶಾರ್ಕ್‌ಗಳ ಮೇಲೆ ಕಣ್ಣಿಟ್ಟವರೂ ಒಬ್ಬರೇ.

ಸಂದಿ ಬಿಟ್ಟಿತೆಂದು ಮುಂಬೈಯ ಕೆಲಸವನ್ನು ಹಳಿಯುವುದು ತಪ್ಪು. ಅಲೆಯ ಹೊಡೆತಕ್ಕೆ ಮರದ ದೋಣಿ ಮಿಸುಕುತ್ತದೆ, ಸಂದಿಗಳು ಸಡಿಲವಾಗುತ್ತವೆ. ಆ ಪಂದ್ಯಕ್ಕೆ ಹೊರಟ ಒಂಬತ್ತು ನಾವಿಕರಲ್ಲಿ ಗುರಿ ಮುಟ್ಟಿದವರು ನಾಕ್ಸ್-ಜಾನ್‌ಸ್ಟನ್ ಒಬ್ಬರೇ, 1969ರ ಏಪ್ರಿಲ್ 22ರಂದು. ಅವರಿಗೆ ‘ಸರ್’ ಪದವಿ ಬಂತು, ಬರಲೇಬೇಕಿತ್ತು. ಆದರೆ ಆ ತೇಗದ ಹಲಗೆ ಜೋಡಿಸಿದ ಬಡಗಿಗಳನ್ನು ನಾವೇ ನೆನೆಯುವುದಿಲ್ಲವೆಂಬುದು ನನಗೆ ಸಹಿಸಲಾಗದ ಸಂಗತಿ. ‘ಸುಹೈಲಿ’ಯ ಕಥೆ ಹೇಳುವವರು ಇನ್ನಾದರೂ ಫಾಲ್ಮತ್‌ನಿಂದಲ್ಲ, ಮುಂಬೈಯಿಂದ ಆರಂಭಿಸಲಿ.