ಔಷಧ ಮತ್ತು ಯಕೃತ್ತು: ಸಾರ್ವಜನಿಕರಿಗೆ ಮಾಹಿತಿ

ಸೇವಿಸಿದ ಬಹುತೇಕ ಔಷಧಗಳು ಯಕೃತ್ತಿನ ಜೀವಕೋಶಗಳಲ್ಲಿ ರೂಪಾಂತರ ಹೊಂದುತ್ತವೆ. ಪ್ರಯೋಗಾಲಯದಲ್ಲಿ ಬೆಳೆಸಿದ ಇಂತಹ ಕೋಶಗಳಿಗೆ ಔಷಧವನ್ನು ನೀಡಿ, ಅದು ಯಾವ ವಸ್ತುವಾಗಿ ಮಾರ್ಪಡುತ್ತದೆ, ಕೋಶಗಳಿಗೆ ಹಾನಿಯುಂಟಾಗುವುದೇ ಎಂಬುದನ್ನು ಪರೀಕ್ಷಿಸಲಾಗುತ್ತದೆ. ಪ್ಯಾರಾಸಿಟಮಾಲ್ ಪ್ರಮಾಣ ಮಿತಿಮೀರಿದಲ್ಲಿ, ಅದರಿಂದ ಉಂಟಾಗುವ ವಿಷವಸ್ತುವನ್ನು ತಟಸ್ಥಗೊಳಿಸುವ ಗ್ಲುಟಾಥಯೋನ್ ಬರಿದಾಗಿ ಕೋಶಗಳು ನಾಶವಾಗುತ್ತವೆ. ಕೇಂದ್ರ ಸರ್ಕಾರವು 2023ರಲ್ಲಿ ನಿಯಮ ತಿದ್ದುಪಡಿ ಮಾಡಿ ಕೋಶಾಧಾರಿತ ಪರೀಕ್ಷೆಗಳಿಗೆ ಅವಕಾಶ ಕಲ್ಪಿಸಿದೆ.

ಆದರೆ ಕೆಲವರಲ್ಲಿ ಮಾತ್ರ ಕಾಣುವ ಅಪರೂಪದ ದುಷ್ಪರಿಣಾಮವು ಪ್ರಯೋಗಾಲಯದಲ್ಲಿ ತಿಳಿಯದಿರಬಹುದು. ಆದುದರಿಂದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ನಾಗರಿಕರು, ವಿಶೇಷವಾಗಿ ಕ್ಷಯರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವವರು, ಕಣ್ಣು ಹಳದಿಯಾದಲ್ಲಿ, ಮೂತ್ರದ ಬಣ್ಣ ಗಾಢವಾದಲ್ಲಿ ಅಥವಾ ವಾಂತಿ ನಿಲ್ಲದಿದ್ದಲ್ಲಿ ಕೂಡಲೇ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಾಣತಕ್ಕದ್ದು.

ದುಷ್ಪರಿಣಾಮ ವರದಿ ಮಾಡಲು ಶುಲ್ಕರಹಿತ ದೂರವಾಣಿ: 1800-180-3024. ವರದಿ ನಮೂನೆಯು ಕನ್ನಡ ಹಾಗೂ ಮರಾಠಿ ಭಾಷೆಗಳಲ್ಲಿಯೂ ಲಭ್ಯವಿದೆ.