ಗಣಿತದ ಕಂಠಾಭರಣ

ಚೆನ್ನೈ ನಗರದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಮರೀನಾ ತೀರದ ಪ್ರೆಸಿಡೆನ್ಸಿ ಕಾಲೇಜನ್ನು ನೋಡದವರಿಲ್ಲ. ಆದರೆ ಅಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ಕನ್ನಡ ನಾಡಿನ ಗಣಿತಕ್ಕೆ ಸಲ್ಲಿಸಿದ ಸೇವೆಯನ್ನು ಬಲ್ಲವರು ವಿರಳ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವನ್ನು ಅವರು ಇಂಗ್ಲಿಷ್ ಅನುವಾದದೊಡನೆ ಸಂಪಾದಿಸಿದರು. 1912ರಲ್ಲಿ ಮದರಾಸು ಸರ್ಕಾರ ಅದನ್ನು ಪ್ರಕಟಿಸಿತು. ಆಧಾರವಾದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಒಂದು, ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಮೂಡುಬಿದಿರೆಯಿಂದ ಬಂದದ್ದು. ಅದೇ 1912ರಲ್ಲಿ ಇದೇ ನಗರದ ಬಂದರು ಕಚೇರಿಯಲ್ಲಿ ಶ್ರೀನಿವಾಸ ರಾಮಾನುಜನ್ ಗುಮಾಸ್ತರಾಗಿ ಸೇರಿದರೆಂಬುದು ಸ್ವಾರಸ್ಯದ ಸಂಗತಿ.

ಗ್ರಂಥದ ಗುಣಾಕಾರ ಪ್ರಕರಣದಲ್ಲಿ ಒಂದು ಲೆಕ್ಕವಿದೆ. 2,79,94,681ನ್ನು 441ರಿಂದ ಗುಣಿಸಬೇಕು. ಗುಣಲಬ್ಧ 12,34,56,54,321, ಅಂದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿಗೂ ಮಿಕ್ಕಿದ ಸಂಖ್ಯೆ. ಅಂಕಿಗಳು ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಒಂದಕ್ಕೆ ಇಳಿಯುತ್ತವೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂತಹ ಗುಣಲಬ್ಧಗಳಲ್ಲಿ ಕೆಲವನ್ನು ಆಚಾರ್ಯರು ಕಂಠಾಭರಣವೆಂದು ಕರೆದಿದ್ದಾರೆ. 14,28,57,143ನ್ನು 7ರಿಂದ ಗುಣಿಸಿದರೆ ಬರುವ 100,00,00,001 ಅಂತಹುದು: ಎರಡು ತುದಿಗಳಲ್ಲಿ ಒಂದು, ನಡುವೆ ಸೊನ್ನೆಗಳ ಮಣಿಸಾಲು.

ಇದು ಕೇವಲ ಆಕಸ್ಮಿಕವೆ? ಅಲ್ಲ. 441 ಎಂಬುದು 21ರ ವರ್ಗ; 2,79,94,681 ಎಂಬುದು 5,291ರ ವರ್ಗ. 21ನ್ನು 5,291ರಿಂದ ಗುಣಿಸಿದರೆ 1,11,111. ಆದ್ದರಿಂದ ನಮ್ಮ ಸಂಖ್ಯೆ ಆರು ಒಂದುಗಳ ವರ್ಗವೇ ಹೊರತು ಬೇರೆಯಲ್ಲ. 1,11,111ನ್ನು ಅದರಿಂದಲೇ ಗುಣಿಸುವಾಗ ಆರು ಸಾಲುಗಳು, ಒಂದೊಂದೂ ಒಂದು ಸ್ಥಾನ ಎಡಕ್ಕೆ ಸರಿದು, ಮೆಟ್ಟಿಲುಗಳಂತೆ ನಿಲ್ಲುತ್ತವೆ. ಬಲತುದಿಯ ಸ್ಥಾನದಲ್ಲಿ ಒಂದು ಒಂದು, ಮುಂದಿನದರಲ್ಲಿ ಎರಡು, ನಟ್ಟನಡುವೆ ಆರು, ಬಳಿಕ ಇಳಿಮುಖ. ಒಂಬತ್ತು ಒಂದುಗಳ ವರ್ಗದವರೆಗೂ ಈ ಸೊಬಗು ಉಳಿಯುತ್ತದೆ. ಹತ್ತಾದೊಡನೆ ನಡುವಿನ ಮೊತ್ತ ಹತ್ತಾಗಿ, ದಶಕ ಮುಂದಿನ ಸ್ಥಾನಕ್ಕೆ ಸರಿದು, ಹಾರದ ಅಂದ ಕೆಡುತ್ತದೆ.

1,11,111ರ ಅವಿಭಾಜ್ಯ ಅಪವರ್ತನಗಳು ಐದು: 3, 7, 11, 13, 37. ಇವನ್ನು ಬೇರೆ ರೀತಿಯಲ್ಲಿ ಹಂಚಿದರೆ ಹೊಸ ಲೆಕ್ಕ ಸಿದ್ಧ. 37ರ ವರ್ಗ 1,369. ಉಳಿದ ನಾಲ್ಕರ ಗುಣಲಬ್ಧ 3,003, ಅದರ ವರ್ಗ 90,18,009. ಇವೆರಡನ್ನು ಗುಣಿಸಿ ನೋಡಿರಿ. ಅದೇ ಹಾರ ದೊರೆಯುತ್ತದೆ.

ಗಣಕಯಂತ್ರ ಉತ್ತರವನ್ನು ಕ್ಷಣದಲ್ಲಿ ಕೊಡುತ್ತದೆ. ಕಾರಣವನ್ನು ಕಾಣಲು ಕಾಗದ, ಲೇಖನಿ, ತುಸು ತಾಳ್ಮೆ ಬೇಕು. ಅಂದು ಕನ್ನಡ ಲಿಪಿಯನ್ನು ಓದಬಲ್ಲವರು, ಪ್ರತಿ ಮಾಡಬಲ್ಲವರು ಇದ್ದುದರಿಂದ ಈ ಆಭರಣ ಮದರಾಸಿಗೆ ಬಂದು ಲೋಕದ ಕೈಸೇರಿತು. ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಆ ಲಿಪಿಯೇ ಅಪರಿಚಿತವಾದರೆ, ಇನ್ನೂ ಓಲೆಗಳಲ್ಲಿ ಉಳಿದಿರುವುದನ್ನು ತೆರೆದು ಓದುವವರು ಯಾರು? ಒಂದು ಸಂಜೆ ಅವರನ್ನು ಬಳಿಯಲ್ಲಿ ಕೂರಿಸಿಕೊಂಡು ಈ ಲೆಕ್ಕವನ್ನು ಕನ್ನಡದಲ್ಲಿಯೇ ಬರೆದು ಬಿಡಿಸೋಣ.